ಬಾಣದ ಮೊನೆಯ ಹದ

‘ಬೇಡ’ ಎಂದರೆ ಬೇಟೆಗಾರ. ವಡಗೇರಾ ಸೀಮೆಗೆ ನೆರೆಯಾದ ಸುರಪುರವನ್ನು ಆಳಿದವರು ಬೇಡ ನಾಯಕರು. ಬೇಟೆಯ ಬಾಣಕ್ಕೆ ಎಂಥ ಮೊನೆ ಬೇಕು? ಅದು ಹರಿತವಾಗಿರಬೇಕು, ಮೂಳೆಗೆ ತಾಗಿದರೂ ಮುರಿಯಬಾರದು. ಮೊಂಡಾದ ಮೊನೆಯಿಂದ ಗಾಯಗೊಂಡ ಪ್ರಾಣಿ ತಪ್ಪಿಸಿಕೊಂಡು ನರಳಿ ಸಾಯುತ್ತದೆ.

ಈ ಸಮಸ್ಯೆ ಹಳೆಯದು. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸುಮಾರು 3000 ವರ್ಷಗಳಷ್ಟು ಹಿಂದಿನ ಕಬ್ಬಿಣದ ಬಾಣದ ಮೊನೆಗಳು ದೊರೆತಿವೆ. ಇಂಗಾಲ ತೀರ ಕಡಿಮೆಯಿರುವ ಕಬ್ಬಿಣ ಮೆದು. ಅದರ ಅಲಗು ಬೇಗ ಬಾಗುತ್ತದೆ. ಇಂಗಾಲ ತಕ್ಕಷ್ಟು ಸೇರಿದರೆ ಅದೇ ಉಕ್ಕು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಬಹಳ ಗಡಸಾಗುತ್ತದೆ, ಆದರೆ ಪೆಟ್ಟಿಗೆ ಸಿಡಿಯಬಹುದು. ಅದನ್ನು ಮತ್ತೆ ಮಿತವಾಗಿ ಕಾಯಿಸಿದರೆ ಗಡಸುತನ ಸ್ವಲ್ಪ ತಗ್ಗಿ ತಾಳಿಕೆ ಹೆಚ್ಚುತ್ತದೆ. ಇದೇ ಹದ.

1705ರಲ್ಲಿ ಔರಂಗಜೇಬನು ಸುರಪುರ ಸಮೀಪದ ವಾಗಣಗೇರಾ ಕೋಟೆಯನ್ನು ಮುತ್ತಿದ. ಅಷ್ಟರಲ್ಲಿ ಬೇಡರು ಬಂದೂಕಿನ ಗುರಿಗೆ ಹೆಸರಾಗಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ಅಪರಾಧವಾಯಿತು. ಬಾಣ ಬತ್ತಳಿಕೆ ಬಿಟ್ಟಿತು. ಹದ ಮಾತ್ರ ಕುಲುಮೆಯಲ್ಲಿ ಉಳಿಯಿತು. ನಿಮ್ಮೂರಿನ ಕಮ್ಮಾರರು ಕುಡುಗೋಲು ಕಾಯಿಸಿ ನೀರಿಗೆ ಅದ್ದುವಾಗ ಗಮನಿಸಿ ನೋಡಿ.