ಕುಡಿದು ವಾಹನ ಚಾಲನೆ: ಕೋರ್ಟಿನಲ್ಲಿ ಹತ್ತು ಸಾವಿರ ಕಟ್ಟಿದರೆ ಕೇಸ್ ಮುಗಿಯಿತೇ?

ಸಾರಾಂಶ

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಿಗೆ ಸ್ನೇಹಿತರು ಹೇಳುವ ಮೊದಲ ಮಾತು: ‘ಕೋರ್ಟಿಗೆ ಹೋಗಿ ಹತ್ತು ಸಾವಿರ ಕಟ್ಟು, ಗಾಡಿ ಬಿಡಿಸಿಕೊಂಡು ಬಾ, ಅಲ್ಲಿಗೆ ಮುಗೀತು.’ ಇದು ಅರ್ಧ ಸತ್ಯ ಮಾತ್ರ. ಹೆಲ್ಮೆಟ್ ಹಾಕದ್ದಕ್ಕೆ ರಸ್ತೆಯಲ್ಲಿ ಕಟ್ಟುವ ದಂಡವೂ ಇದೂ ಒಂದೇ ಅಲ್ಲ. ಇಲ್ಲಿ ನೀವು ಹಣ ಕಟ್ಟುವುದು ತಪ್ಪೊಪ್ಪಿಕೊಂಡು, ನ್ಯಾಯಾಲಯ ನಿಮ್ಮನ್ನು ಅಪರಾಧಿ ಎಂದು ತೀರ್ಮಾನಿಸಿದ ಮೇಲೆ. ರಸ್ತೆಯಿಂದ ಕೋರ್ಟಿನವರೆಗೆ ಈ ಪ್ರಕರಣ ಹೇಗೆ ಸಾಗುತ್ತದೆ ಎಂಬುದನ್ನು ನೋಡೋಣ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185ರ ಪ್ರಕಾರ, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸುವುದು ಅಥವಾ ಓಡಿಸಲು ಯತ್ನಿಸುವುದು ಅಪರಾಧ. ‘ನಾನು ತೂರಾಡುತ್ತಿರಲಿಲ್ಲ, ಸರಿಯಾಗಿಯೇ ಓಡಿಸುತ್ತಿದ್ದೆ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮಿತಿ ಮೀರಿದರೆ ಸಾಕು.

2019ರ ತಿದ್ದುಪಡಿಯ ನಂತರ ಮೊದಲ ಬಾರಿಯ ತಪ್ಪಿಗೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಬಾರಿ ಮತ್ತು ಆಮೇಲಿನ ತಪ್ಪಿಗೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ.

ರಸ್ತೆಯಲ್ಲಿ ಏನಾಗುತ್ತದೆ?

ಸಮವಸ್ತ್ರದಲ್ಲಿರುವ ಪೊಲೀಸರು ಆಲ್ಕೋಮೀಟರ್‌ಗೆ ಊದಲು ಹೇಳುತ್ತಾರೆ. ಶ್ವಾಸಕೋಶದ ಆಳದಿಂದ ಬರುವ ಗಾಳಿಯಲ್ಲಿರುವ ಆಲ್ಕೋಹಾಲನ್ನು ಅಳೆದು ಯಂತ್ರ ರಕ್ತದ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಏಲಕ್ಕಿ, ಪುದೀನ, ಈರುಳ್ಳಿ ಜಗಿದರೆ ಬಾಯಿಯ ವಾಸನೆ ಮರೆಯಾಗಬಹುದು, ಯಂತ್ರದ ಅಂಕಿ ಬದಲಾಗುವುದಿಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಳಸಿದ ತಕ್ಷಣ ಊದಿದರೆ ಮಾತ್ರ ಅಂಕಿ ತಪ್ಪಾಗಿ ಏರಬಹುದು. ಆದರೆ ಬಾಯಿಯಲ್ಲಿ ಉಳಿದ ಆಲ್ಕೋಹಾಲ್ ಸುಮಾರು 15 ನಿಮಿಷದಲ್ಲಿ ಇಳಿದುಹೋಗುತ್ತದೆ. ನಿಜವಾಗಿಯೂ ಕುಡಿದಿಲ್ಲದಿದ್ದರೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ ಎಂದು ಕೇಳಿಕೊಳ್ಳಿ.

‘ಊದುವುದಿಲ್ಲ’ ಎಂದರೆ ತಪ್ಪಿಸಿಕೊಳ್ಳಬಹುದು ಎಂಬುದೂ ತಪ್ಪು ನಂಬಿಕೆ. ಕುಡಿದಿದ್ದಾರೆ ಎಂಬ ಸಕಾರಣ ಅನುಮಾನವಿದ್ದರೆ, ಊದಲು ನಿರಾಕರಿಸಿದವರನ್ನು ಸೆಕ್ಷನ್ 203ರ ಅಡಿ ವಾರಂಟ್ ಇಲ್ಲದೆ ಬಂಧಿಸಬಹುದು. ತಕ್ಕ ಕಾರಣವಿಲ್ಲದೆ ನಿರಾಕರಿಸಿದ್ದನ್ನೇ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸಲು ಸೆಕ್ಷನ್ 205 ಅವಕಾಶ ಕೊಡುತ್ತದೆ.

ಪೊಲೀಸರಿಗೂ ಕಟ್ಟುಪಾಡು ಇದೆ. ಸೆಕ್ಷನ್ 185ರ ಅಡಿ ಬಂಧಿಸಿದವರನ್ನು 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಗೆ ಒಳಪಡಿಸಬೇಕು. ಇಲ್ಲದಿದ್ದರೆ ಬಿಡುಗಡೆ ಮಾಡಬೇಕು ಎನ್ನುತ್ತದೆ ಸೆಕ್ಷನ್ 202. ಮೊದಲ ಬಾರಿಯ ಈ ಅಪರಾಧ ಜಾಮೀನು ಸಿಗುವಂಥದ್ದು.

ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದೇ?

ಇಲ್ಲ. ಯಾವ ಯಾವ ತಪ್ಪುಗಳನ್ನು ಅಧಿಕಾರಿಗಳ ಹಂತದಲ್ಲೇ ದಂಡ ಪಡೆದು ಮುಗಿಸಬಹುದು ಎಂಬ ಪಟ್ಟಿ ಸೆಕ್ಷನ್ 200ರಲ್ಲಿದೆ. ಸೆಕ್ಷನ್ 185 ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕುಡಿದು ಓಡಿಸಿದ ಪ್ರತಿ ಪ್ರಕರಣವೂ ಮ್ಯಾಜಿಸ್ಟ್ರೇಟ್ ಮುಂದೆ ಹೋಗಲೇಬೇಕು. ‘ಇಲ್ಲೇ ಕೊಡಿ, ಕೇಸ್ ಹಾಕಲ್ಲ’ ಎಂದು ರಸ್ತೆಯಲ್ಲಿ ಯಾರಾದರೂ ಹಣ ಕೇಳಿದರೆ ಅದು ದಂಡವಲ್ಲ, ಲಂಚ.

ಕೋರ್ಟಿನಲ್ಲಿ ಏನು ನಡೆಯುತ್ತದೆ?

ಬೆಂಗಳೂರಿನಲ್ಲಿ ಸಂಚಾರ ಪ್ರಕರಣಗಳಿಗೆಂದೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿವೆ. ತಾಲೂಕುಗಳಲ್ಲಿ ಇವು ಜೆಎಂಎಫ್‌ಸಿ ಕೋರ್ಟಿನ ಮುಂದೆ ಬರುತ್ತವೆ. ಪೊಲೀಸರು ಯಂತ್ರದ ಮುದ್ರಿತ ಚೀಟಿಯೂ ಸೇರಿದಂತೆ ದಾಖಲೆಗಳನ್ನು ಸಲ್ಲಿಸುತ್ತಾರೆ. ಮೊದಲ ಬಾರಿಯ ಪ್ರಕರಣವನ್ನು ಘಟನೆ ನಡೆದ ಒಂದು ವರ್ಷದೊಳಗೆ ಕೋರ್ಟಿನ ಮುಂದೆ ತರಬೇಕು ಎಂಬುದು ಸಾಮಾನ್ಯ ನಿಯಮ.

ಇಂಥವನ್ನು ಹೆಚ್ಚಾಗಿ ಸಂಕ್ಷಿಪ್ತ ವಿಚಾರಣೆಯಲ್ಲಿ ನಡೆಸಲಾಗುತ್ತದೆ. ಹೆಸರು ಕೂಗಿದಾಗ ನೀವು ಮುಂದೆ ನಿಲ್ಲುತ್ತೀರಿ. ಆರೋಪವೇನೆಂದು ಹೇಳಿ, ‘ತಪ್ಪು ಒಪ್ಪಿಕೊಳ್ಳುತ್ತೀರಾ?’ ಎಂದು ಕೇಳಲಾಗುತ್ತದೆ. ‘ಹೌದು’ ಎಂದರೆ ಅಪರಾಧಿ ಎಂದು ದಾಖಲಿಸಿ ಶಿಕ್ಷೆ ವಿಧಿಸಲಾಗುತ್ತದೆ. ಸಂಕ್ಷಿಪ್ತ ವಿಚಾರಣೆಯಲ್ಲಿ 3 ತಿಂಗಳಿಗಿಂತ ಹೆಚ್ಚು ಜೈಲು ಶಿಕ್ಷೆ ಕೊಡುವಂತಿಲ್ಲ.

‘ಇಲ್ಲ’ ಎನ್ನುವುದೂ ನಿಮ್ಮ ಹಕ್ಕು. ಆಗ ಪರೀಕ್ಷೆ ನಡೆಸಿದ ಅಧಿಕಾರಿ ಸಾಕ್ಷಿ ಹೇಳಬೇಕು, ಪಾಟಿ ಸವಾಲು ಎದುರಿಸಬೇಕು. ಯಂತ್ರ ಸರಿಯಾಗಿತ್ತೇ, ಚೀಟಿಯಲ್ಲಿರುವ ಹೆಸರು, ಸಮಯ, ಅಂಕಿ ತಾಳೆಯಾಗುತ್ತವೆಯೇ ಎಂಬ ಪ್ರಶ್ನೆಗಳು ಅಲ್ಲಿ ಬರುತ್ತವೆ. ಇದಕ್ಕೆ ಹಲವು ಬಾರಿ ಕೋರ್ಟಿಗೆ ಅಲೆಯಬೇಕಾಗಬಹುದು. ಸಮನ್ಸ್ ಬಂದರೂ ಹಾಜರಾಗದಿದ್ದರೆ ವಾರಂಟ್ ಹೊರಡುತ್ತದೆ.

ತಪ್ಪೊಪ್ಪಿಕೊಂಡರೆ ಏನೇನು ಬದಲಾಗುತ್ತದೆ?

ಒಂದು, ತಪ್ಪೊಪ್ಪಿಕೊಂಡು ಶಿಕ್ಷೆಯಾದ ಮೇಲೆ ‘ನಾನು ಕುಡಿದಿರಲಿಲ್ಲ’ ಎಂದು ಮೇಲ್ಮನವಿ ಸಲ್ಲಿಸಲು ಆಗುವುದಿಲ್ಲ. ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಹುದು.

ಎರಡು, ಮತ್ತೊಮ್ಮೆ ಸಿಕ್ಕಿಬಿದ್ದರೆ ಇದೇ ದಾಖಲೆಯ ಆಧಾರದ ಮೇಲೆ ಅದು ‘ಎರಡನೇ ಬಾರಿಯ ತಪ್ಪು’ ಆಗುತ್ತದೆ.

ಮೂರು, ಸರ್ಕಾರಿ ನೌಕರಿಯ ದೃಢೀಕರಣ ನಮೂನೆಗಳಲ್ಲಿ ಬಂಧನ, ವಿಚಾರಣೆ, ಕೋರ್ಟಿನ ದಂಡದ ಬಗ್ಗೆ ಪ್ರಶ್ನೆ ಇರುತ್ತದೆ. ‘ಅದು ಬರೀ ಫೈನ್’ ಎಂದುಕೊಂಡು ‘ಇಲ್ಲ’ ಎಂದು ಬರೆದವರು ಮಾಹಿತಿ ಮುಚ್ಚಿಟ್ಟ ಆರೋಪಕ್ಕೆ ಸಿಲುಕುತ್ತಾರೆ. ಸಣ್ಣ ಪ್ರಕರಣಗಳನ್ನು ಉದ್ಯೋಗದಾತರು ಮನ್ನಿಸಬಹುದು, ಆದರೆ ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಗಾಡಿ ಬೇಕಾದರೆ ತಪ್ಪೊಪ್ಪಿಕೊಳ್ಳಲೇಬೇಕೇ?

ಬೇಕಿಲ್ಲ. ಗಾಡಿ ಠಾಣೆಯಲ್ಲಿದೆ, ನಾಳೆ ಕೆಲಸಕ್ಕೆ ಹೋಗಬೇಕು ಎಂಬ ಒಂದೇ ಕಾರಣಕ್ಕೆ ಹಿಂದೆಮುಂದೆ ನೋಡದೆ ಒಪ್ಪಿಕೊಳ್ಳುವವರಿದ್ದಾರೆ. ಆದರೆ ವಶದಲ್ಲಿರುವ ವಾಹನವನ್ನು ಪ್ರಕರಣ ಮುಗಿಯುವ ಮೊದಲೇ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಂಡು ಪ್ರಯೋಜನವಿಲ್ಲ, ಬಾಂಡ್ ಮತ್ತು ಭದ್ರತೆ ಪಡೆದು ಬೇಗ ಬಿಡಬೇಕು ಎಂದು ಸುಪ್ರೀಂ ಕೋರ್ಟ್ 2002ರ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಕೀಲರನ್ನು ಇಟ್ಟುಕೊಳ್ಳಲು ಆಗದವರು ತಾಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಯನ್ನು, ಇಲ್ಲವೇ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಡಿಎಲ್ ಏನಾಗುತ್ತದೆ?

ಇದು ಬೇರೆಯೇ ದಾರಿ. ಪೊಲೀಸರು ಚಾಲನಾ ಪರವಾನಗಿಯನ್ನು ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸುತ್ತಾರೆ. ನಿಮ್ಮ ಮಾತನ್ನು ಕೇಳಿದ ಬಳಿಕ ಆರ್‌ಟಿಒ ಮೊದಲ ತಪ್ಪಿಗೆ 3 ತಿಂಗಳು ಅನರ್ಹಗೊಳಿಸಬಹುದು. ಎರಡನೇ ಬಾರಿಗೆ ಡಿಎಲ್ ರದ್ದಾಗಬಹುದು. ಅಷ್ಟೇ ಅಲ್ಲ, ಸೆಕ್ಷನ್ 185ರ ಅಡಿ ಶಿಕ್ಷೆ ವಿಧಿಸುವ ನ್ಯಾಯಾಲಯವು ಕನಿಷ್ಠ 6 ತಿಂಗಳ ಅನರ್ಹತೆಗೂ ಆದೇಶಿಸಬೇಕು ಎಂದು ಸೆಕ್ಷನ್ 20 ಹೇಳುತ್ತದೆ. ಟ್ಯಾಕ್ಸಿ, ಆಟೊ, ಲಾರಿ ಓಡಿಸಿ ಬದುಕುವವರಿಗೆ ಹತ್ತು ಸಾವಿರಕ್ಕಿಂತ ದೊಡ್ಡ ಪೆಟ್ಟು ಇದು.

ಅಪಘಾತದಲ್ಲಿ ಜೀವಹಾನಿಯಾದರೆ?

ಆಗ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರ ಅಡಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪಕ್ಕೆ 5 ವರ್ಷದವರೆಗೆ ಜೈಲು ಆಗಬಹುದು. ಇನ್ನೂ ಗಂಭೀರವಾದರೆ, ಕೊಲೆಯಲ್ಲದ ನರಹತ್ಯೆಯ ಆರೋಪದಡಿ ಪ್ರಕರಣ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಕಾರು ಹರಿದು 7 ಮಂದಿ ಸತ್ತಿದ್ದರು. ಆ ಪ್ರಕರಣದಲ್ಲಿ ನರಹತ್ಯೆಯಡಿ ವಿಧಿಸಿದ್ದ 3 ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು.

ತೀರ್ಮಾನ

‘ಹತ್ತು ಸಾವಿರ ಕಟ್ಟಿದರೆ ಮುಗಿಯಿತು’ ಎಂಬುದು ಪೂರ್ತಿ ನಿಜವಲ್ಲ. ಕಟ್ಟುವುದು ದಂಡವಾದರೂ ಉಳಿಯುವುದು ಅಪರಾಧದ ದಾಖಲೆ. ಪ್ರಕರಣ ದಾಖಲಾಗಿದ್ದರೆ ಒಪ್ಪಿಕೊಳ್ಳುವ ಮೊದಲು ಚೀಟಿಯನ್ನೂ ಆರೋಪವನ್ನೂ ಓದಿ, ಅರ್ಥವಾಗದಿದ್ದರೆ ನ್ಯಾಯಾಧೀಶರನ್ನೇ ಕೇಳಿ. ಕುಡಿಯುವ ಯೋಚನೆ ಇದ್ದ ದಿನ ಗಾಡಿಯನ್ನು ಮನೆಯಲ್ಲೇ ಬಿಟ್ಟು ಹೊರಟರೆ ಇದ್ಯಾವುದೂ ಬೇಕಾಗುವುದಿಲ್ಲ.