ಯೀಸ್ಟಿನ ಮೊದಲ ಉಸಿರು

ಆಮ್ಲಜನಕದ ಚರಿತ್ರೆಯನ್ನು ಹೇಳಹೊರಟವನು ಎರಡು ಬಾರಿಯಾದರೂ ಬಿಯರ್ ಕಾರ್ಖಾನೆಯ ಬಾಗಿಲನ್ನು ತಟ್ಟಬೇಕಾಗುತ್ತದೆ. ಇದು ವಿನೋದಕ್ಕೆ ಆಡಿದ ಮಾತಲ್ಲ. ಗೋಕಾಕ ಸೀಮೆಯವನಾದ ನಾನು ಕಬ್ಬು, ಬೆಲ್ಲ, ಕಾಕಂಬಿಗಳ ವಾಸನೆಯಲ್ಲಿ ಬೆಳೆದವನು. ಬಿಯರಿನ ಪರಿಚಯ ನನಗೆ ಆದದ್ದು ಬಹುಮಟ್ಟಿಗೆ ಪುಸ್ತಕಗಳ ಮೂಲಕ. ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಒಮ್ಮೆ ದೂರವಾಣಿಯಲ್ಲಿ, “ಮಾಮಾ, ನಾ ಮನ್ಯಾಗ ಬಿಯರ್ ಮಾಡೂದು ಕಲ್ತೀನಿ. ಕುದಿಸಿದ ರಸ ಆರಿದ ಮ್ಯಾಲೆ ಅದಕ್ಕ ಸಿಲಿಂಡರಿನಿಂದ ಆಕ್ಸಿಜನ್ ಬಿಡತೀವಿ” ಎಂದು ಹೇಳಿದ. ದವಾಖಾನೆಯಲ್ಲಿ ರೋಗಿಗೆ ಕೊಡುವ ವಸ್ತುವನ್ನು ಹಂಡೆಯ ರಸಕ್ಕೆ ಏಕೆ ಕೊಡಬೇಕು? ಹುದುಗುವಿಕೆಯೆಂಬುದು ಗಾಳಿಯಿಲ್ಲದೆ ನಡೆಯುವ ಜೀವನವ್ಯಾಪಾರವೆಂದು ಲೂಯಿ ಪಾಶ್ಚರನ ಕಾಲದಿಂದ ಶಾಲೆಯ ಮಕ್ಕಳೂ ಓದುತ್ತ ಬಂದಿಲ್ಲವೆ? ಈ ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ ತಿಳಿದ ಕೆಲವು ಸಂಗತಿಗಳನ್ನು ಕೇಳುಗರ ಮುಂದಿಡುತ್ತೇನೆ.

ಮೊದಲು ಆ ರಸವೆಂದರೇನು ಎಂಬುದನ್ನು ಹೇಳಬೇಕು. ಜವೆಗೋಧಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುತ್ತಾರೆ. ಅದನ್ನು ನುಚ್ಚುಮಾಡಿ ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಇಟ್ಟರೆ ಕಾಳಿನೊಳಗಿನ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಸೋಸಿ ತೆಗೆದ ಈ ಸಿಹಿ ರಸಕ್ಕೆ ಇಂಗ್ಲಿಷರು ವರ್ಟ್ ಎನ್ನುತ್ತಾರೆ. ಅದಕ್ಕೆ ಹಾಪ್ ಎಂಬ ಕಹಿಯಾದ ಹೂಗಳನ್ನು ಹಾಕಿ ಒಂದು ತಾಸಿನಷ್ಟು ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಕುದಿಸಿ ಆರಿಸಿದ ನೀರು ಸಪ್ಪೆಯೆನಿಸುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಹಿರಿಯರು ಅದನ್ನು ಒಂದು ತಂಬಿಗೆಯಿಂದ ಇನ್ನೊಂದಕ್ಕೆ ಎತ್ತಿ ಸುರಿದು ಕುಡಿಯುತ್ತಿದ್ದರು. ಕುದಿಯುವಾಗ ನೀರಿನಲ್ಲಿ ಕರಗಿದ್ದ ಗಾಳಿ ಹೊರಟುಹೋಗುತ್ತದೆ, ಎತ್ತಿ ಸುರಿದಾಗ ಮರಳಿ ಸೇರುತ್ತದೆ. ವರ್ಟಿನ ಕಥೆಯೂ ಇದೇ. ಚೆನ್ನಾಗಿ ಕುದಿದ ವರ್ಟ್ ಉಸಿರಿಲ್ಲದ ದ್ರವ.

ಈಗ ಮೊದಲನೆಯ ಬಾಗಿಲು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಂದ. ಅವನ ಮನೆಯ ಪಕ್ಕದಲ್ಲೇ ಒಂದು ಬ್ರೂವರಿ. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ಒಂದು ಬಗೆಯ ಗಾಳಿ ಮಡುಗಟ್ಟಿ ನಿಲ್ಲುವುದನ್ನೂ, ಅದರಲ್ಲಿ ಹಿಡಿದ ಕಡ್ಡಿ ನಂದಿಹೋಗುವುದನ್ನೂ ಅವನು ಕಂಡ. ನಾವು ಇಂದು ಇಂಗಾಲದ ಡೈಆಕ್ಸೈಡ್ ಎನ್ನುವ ಆ ಗಾಳಿಯನ್ನು ನೀರಿಗೆ ಬೆರೆಸಿ ಸೋಡಾ ತಯಾರಿಸುವ ಕ್ರಮವನ್ನು 1772ರಲ್ಲಿ ಅಚ್ಚುಹಾಕಿಸಿದ. ಗಾಳಿಗಳ ಗೀಳು ಅವನಿಗೆ ಹತ್ತಿದ್ದು ಹೀಗೆ. 1774ರ ಆಗಸ್ಟ್ 1ರಂದು ಪಾದರಸದ ಕೆಂಪು ಭಸ್ಮದ ಮೇಲೆ ಮಸೂರದಿಂದ ಬಿಸಿಲನ್ನು ಕೇಂದ್ರೀಕರಿಸಿ ಅವನು ಪಡೆದ ಗಾಳಿಯೇ ಆಮ್ಲಜನಕ. ಸ್ವೀಡನ್ನಿನ ಷೀಲೆ ಅದನ್ನು ಇನ್ನೂ ಮೊದಲೇ ಕಂಡಿದ್ದನಾದರೂ ಅವನ ಗ್ರಂಥ ಅಚ್ಚಾದದ್ದು 1777ರಲ್ಲಿ. ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೇ. ಎಲ್ಲ ಆಮ್ಲಗಳಿಗೂ ಇದೇ ಜನಕವೆಂದು ಅವನು ಭಾವಿಸಿದ. ಆ ಭಾವನೆ ತಪ್ಪೆಂದು ಮುಂದೆ ಸಿದ್ಧವಾಯಿತು. ಹೆಸರು ಮಾತ್ರ ಉಳಿದು, ಆಮ್ಲಜನಕ ಎಂಬ ನಮ್ಮ ಮಾತಿನಲ್ಲಿಯೂ ಆ ತಪ್ಪು ನಿಷ್ಠೆಯಿಂದ ಅನುವಾದಗೊಂಡು ಕುಳಿತಿದೆ.

ಯೀಸ್ಟ್ ಒಂದು ಜೀವಿಯೆಂಬುದನ್ನು 1837ರ ಸುಮಾರಿಗೆ ಮೂವರು ಬೇರೆಬೇರೆಯಾಗಿ ಹೇಳಿದರು. ಜರ್ಮನಿಯ ಮಹಾರಸಾಯನಜ್ಞ ಲೀಬಿಗ್ ಅದನ್ನು ಗೇಲಿಮಾಡಿದ. ಈ ವಾದದ ನಡುವೆ ಪಾಶ್ಚರ್ ಪ್ರವೇಶಿಸಿದ ಸಂದರ್ಭ ನಮ್ಮ ಸೀಮೆಯವರಿಗೆ ವಿಶೇಷವಾಗಿ ರುಚಿಸುವಂಥದು. 1856ರಲ್ಲಿ ಅವನು ಲೀಲ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದಾಗ, ಬೀಟ್‌ಗಡ್ಡೆಯ ರಸದಿಂದ ಮದ್ಯಸಾರ ತೆಗೆಯುತ್ತಿದ್ದ ಬಿಗೋ ಎಂಬ ಉದ್ಯಮಿ ತನ್ನ ತೊಟ್ಟಿಗಳು ಹುಳಿಯುತ್ತಿವೆಯೆಂದು ಅವನಲ್ಲಿಗೆ ಬಂದ. ಬೀಟ್‌ಗಡ್ಡೆಯ ಜಾಗದಲ್ಲಿ ಕಬ್ಬಿನ ಕಾಕಂಬಿಯನ್ನಿಟ್ಟರೆ ಹುಕ್ಕೇರಿ, ಮೂಡಲಗಿಗಳ ಕಡೆಯ ಮಾತೇ ಆಗಿಬಿಡುತ್ತದೆ. ಸೂಕ್ಷ್ಮದರ್ಶಕವನ್ನು ಹಿಡಿದು ಆ ತೊಟ್ಟಿಗಳ ಬಳಿ ಕುಳಿತವನು ಐದು ವರ್ಷಗಳಲ್ಲಿ ಒಂದು ಹೊಸ ಶಾಸ್ತ್ರವನ್ನೇ ಕಟ್ಟಿದ. 1861ರಲ್ಲಿ ಅವನು ಎರಡು ಮಾತು ಹೇಳಿದ. ಗಾಳಿಯನ್ನು ಸಹಿಸದ ಸೂಕ್ಷ್ಮಜೀವಿಗಳೂ ಇವೆ ಎಂಬುದು ಒಂದು. ಗಾಳಿ ಸಿಕ್ಕಿದ ಯೀಸ್ಟ್ ಮೈಬೆಳೆಸಿಕೊಳ್ಳುತ್ತದೆ, ಸಿಗದ ಯೀಸ್ಟ್ ಅದೇ ತೂಕದ ಮೈಗೆ ಅನೇಕ ಪಾಲು ಹೆಚ್ಚು ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ ಎಂಬುದು ಇನ್ನೊಂದು.

ಜನಕ್ಕೆ ನೆನಪುಳಿದದ್ದು ಎರಡನೆಯ ಮಾತಿನ ಅರ್ಧ ಮಾತ್ರ. ಗಾಳಿಯೆಂದರೆ ಬಿಯರಿಗೆ ವೈರಿ ಎಂದಾಯಿತು. ಪಾಶ್ಚರ್ ಅಷ್ಟು ಏಕಪಕ್ಷೀಯನಾಗಿರಲಿಲ್ಲ. 1870–71ರ ಯುದ್ಧದಲ್ಲಿ ಜರ್ಮನರಿಂದ ಫ್ರಾನ್ಸ್ ಸೋತ ಮೇಲೆ, ಬಿಯರಿನಲ್ಲಾದರೂ ಅವರನ್ನು ಗೆಲ್ಲಬೇಕೆಂಬ ಹಟದಿಂದ ಅವನು ಕೈಗೊಂಡ ಸಂಶೋಧನೆ 1876ರಲ್ಲಿ ಗ್ರಂಥವಾಗಿ ಬಂತು. ಹಳತಾದ ಯೀಸ್ಟ್ ಗಾಳಿಯಿಲ್ಲದ ರಸದಲ್ಲಿ ಏಳಲಾರದೆ ಒದ್ದಾಡುವುದನ್ನೂ, ತುಸು ಗಾಳಿ ಸೋಕಿದರೆ ಮರಳಿ ಯೌವನ ಪಡೆಯುವುದನ್ನೂ ಅದರಲ್ಲಿ ಅವನು ಗುರುತಿಸಿದ್ದಾನೆ. ಏಕೆ ಎಂಬ ಪ್ರಶ್ನೆಗೆ ಉತ್ತರ ಅವನ ಕಾಲದಲ್ಲಿ ದೊರೆಯಲಿಲ್ಲ.

ಹಳೆಯ ಬ್ರೂವರಿಗಳಲ್ಲಿ ಆ ಪ್ರಶ್ನೆ ಏಳುವ ಸಂದರ್ಭವೂ ಕಡಿಮೆಯಿತ್ತು. ಬಿಸಿ ರಸವನ್ನು ಅಟ್ಟದ ಮೇಲಿನ ಅಗಲವಾದ, ಆಳವಿಲ್ಲದ, ತೆರೆದ ಹರಿವಾಣಗಳಿಗೆ ಸುರಿದು ರಾತ್ರಿಯೆಲ್ಲ ಆರಲು ಬಿಡುತ್ತಿದ್ದರು. ಆರುತ್ತ ಆರುತ್ತ ಅದು ಬೇಕಾದಷ್ಟು ಗಾಳಿಯನ್ನೂ, ಬೇಡವಾದ ಸೂಕ್ಷ್ಮಜೀವಿಗಳನ್ನೂ ಒಟ್ಟಿಗೆ ಬರಮಾಡಿಕೊಳ್ಳುತ್ತಿತ್ತು. ಪಾಶ್ಚರನ ಉಪದೇಶದಿಂದ ಎಚ್ಚೆತ್ತವರು ಕೊಳಾಯಿಗಳ ಮೂಲಕ, ಕ್ರಮೇಣ ಪೂರ್ತಿ ಮುಚ್ಚಿದ ಯಂತ್ರಗಳ ಮೂಲಕ ಆರಿಸತೊಡಗಿದರು. ಕೊಳೆ ತಪ್ಪಿತು, ಅದರೊಡನೆ ಉಸಿರೂ ತಪ್ಪಿತು. ಹೀಗೆ ತಪ್ಪಿಸಿಕೊಂಡದ್ದನ್ನು ಶುದ್ಧಗೊಳಿಸಿ ಮರಳಿ ಹಾಕುವ ಕೆಲಸ ಹೊಸದಾಗಿ ಹುಟ್ಟಿಕೊಂಡಿತು.

ಇಲ್ಲಿಯೇ ಎರಡನೆಯ ಬಾಗಿಲು. ಕಾರ್ಲ್ ಫಾನ್ ಲಿಂಡೆ ಮ್ಯೂನಿಕ್ ನಗರದ ಪ್ರಾಧ್ಯಾಪಕ. ಬೇಸಗೆಯಲ್ಲೂ ಬಿಯರ್ ತಯಾರಿಸಬೇಕೆಂದು ಹಂಬಲಿಸುತ್ತಿದ್ದ ಬ್ರೂವರಿಗಳ ಯಜಮಾನರು ಅವನ ಶೈತ್ಯಯಂತ್ರಗಳಿಗೆ ಹಣ ತೊಡಗಿಸಿದರು. 1870ರ ದಶಕದಲ್ಲಿ ಮೊದಲ ಯಂತ್ರಗಳು ನಿಂತದ್ದು ಬ್ರೂವರಿಗಳಲ್ಲೇ. ಬಿಯರ್ ತಂಪುಮಾಡಿ ಗಳಿಸಿದ ಅನುಭವದಿಂದ ಅವನು 1895ರಲ್ಲಿ ಗಾಳಿಯನ್ನೇ ದ್ರವವಾಗಿಸಿದ. ದ್ರವಗಾಳಿಯಲ್ಲಿ ಸಾರಜನಕ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುತ್ತದೆ, ಆಮ್ಲಜನಕ 183 ಡಿಗ್ರಿ ಕೆಳಗೆ. ಈ ಹದಿಮೂರು ಡಿಗ್ರಿಗಳ ಅಂತರವನ್ನು ಬಳಸಿ 1902ರಲ್ಲಿ ಅವೆರಡನ್ನೂ ಬೇರ್ಪಡಿಸಿದ. ಇಂದು ಬೆಸುಗೆಗಾರನ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ನನ್ನ ಸೋದರಳಿಯನ ಗ್ಯಾರೇಜಿನಲ್ಲಿ ನಿಂತಿರುವ ಸಿಲಿಂಡರು ಆ ವಂಶದ್ದು.

ಯೀಸ್ಟಿಗೆ ಆಮ್ಲಜನಕವೇಕೆ ಎಂಬುದರ ಉತ್ತರ ದೊರೆತದ್ದು 1953–54ರಲ್ಲಿ. ಅಮೆರಿಕದ ಆಂಡ್ರಿಯಾಸೆನ್ ಮತ್ತು ಸ್ಟಿಯರ್ ಎಂಬಿಬ್ಬರು, ಗಾಳಿ ಸಂಪೂರ್ಣವಾಗಿ ಇಲ್ಲದಿದ್ದರೆ ಯೀಸ್ಟ್ ಬೆಳೆಯಲಾರದೆಂದೂ, ಎರ್ಗೊಸ್ಟೆರಾಲ್ ಎಂಬ ವಸ್ತುವನ್ನೂ ಕೆಲವು ಕೊಬ್ಬಿನ ಆಮ್ಲಗಳನ್ನೂ ಹೊರಗಿನಿಂದ ಒದಗಿಸಿದರೆ ಬೆಳೆಯುವುದೆಂದೂ ತೋರಿಸಿದರು. ಇವೆರಡೂ ಜೀವಕೋಶದ ಹೊರಪೊರೆಗೆ ಬೇಕಾದ ಸಾಮಗ್ರಿ. ಆಮ್ಲಜನಕವಿಲ್ಲದೆ ಯೀಸ್ಟ್ ಇವನ್ನು ತಾನೇ ತಯಾರಿಸಿಕೊಳ್ಳಲಾರದು. ತಾಯಿಕೋಶ ಚಿಗುರಿ ಮಗಳಾದಾಗಲೆಲ್ಲ ಇದ್ದ ಆಸ್ತಿ ಎರಡು ಪಾಲಾಗುತ್ತದೆ. ನಾಲ್ಕಾರು ತಲೆಮಾರುಗಳಲ್ಲಿ ಪೊರೆ ಬಡವಾಗಿ, ಮದ್ಯಸಾರದ ಹೊಡೆತವನ್ನು ತಾಳಲಾರದೆ ಹುದುಗು ಅರ್ಧಕ್ಕೇ ನಿಲ್ಲುತ್ತದೆ. ಮೊದಲ ಕೆಲವು ತಾಸು ಯೀಸ್ಟ್ ನಮ್ಮಂತೆ ಉಸಿರಾಡಿ ಸಕ್ಕರೆಯನ್ನು ಸುಡುತ್ತದೆ ಎಂದು ಬರೆಯುವ ಪುಸ್ತಕಗಳು ಇಂದಿಗೂ ಉಂಟು. ಅದು ಸರಿಯಲ್ಲ. ಅಷ್ಟೊಂದು ಸಕ್ಕರೆಯ ನಡುವೆ ಅದು ಗಾಳಿ ಇದ್ದರೂ ಮದ್ಯಸಾರವನ್ನೇ ಮಾಡುತ್ತದೆ. ಆಮ್ಲಜನಕ ಇಲ್ಲಿ ಒಲೆಯ ಸೌದೆಯಲ್ಲ, ಗೋಡೆಯ ಗಾರೆ.

ಬೇಕಾದ ಪ್ರಮಾಣ ಎಷ್ಟು? ಸಾಧಾರಣ ರಸಕ್ಕೆ ಲೀಟರಿಗೆ 8ರಿಂದ 10 ಮಿಲಿಗ್ರಾಮ್. ಸಕ್ಕರೆ ಹೆಚ್ಚಿರುವ ಗಟ್ಟಿ ರಸಕ್ಕೆ ಇನ್ನೂ ಹೆಚ್ಚು. ತೊಡಕು ಇರುವುದು ಇಲ್ಲಿಯೇ. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 170 ಅಡಿ ಧುಮುಕಿ ನೊರೆಯಾಗುವುದನ್ನು ಶ್ರಾವಣದಲ್ಲಿ ನೋಡಿದವರಿಗೆ, ನೀರು ಗಾಳಿಯನ್ನು ನುಂಗುವ ಬಗೆ ಇದಕ್ಕಿಂತ ದೊಡ್ಡದಾಗಿ ಕಾಣಲಾರದೆನಿಸುತ್ತದೆ. ಆದರೂ 25 ಡಿಗ್ರಿಯ ನೀರು ಗಾಳಿಯಿಂದ ಪಡೆಯಬಲ್ಲ ಆಮ್ಲಜನಕ ಲೀಟರಿಗೆ ಹೆಚ್ಚುಕಡಿಮೆ 8 ಮಿಲಿಗ್ರಾಮ್ ಮಾತ್ರ. ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21 ಆಗಿರುವುದೇ ಇದಕ್ಕೆ ಕಾರಣ. ಸಕ್ಕರೆ ಬೆರೆತಷ್ಟೂ ಮಿತಿ ಇನ್ನೂ ಇಳಿಯುತ್ತದೆ. ಹೆಚ್ಚು ಬೇಡುವ ಗಟ್ಟಿ ರಸವೇ ಕಡಿಮೆ ಹಿಡಿಯುತ್ತದೆ! ಶುದ್ಧ ಆಮ್ಲಜನಕವನ್ನು ಬಿಟ್ಟರೆ ಮಿತಿ ಐದು ಪಟ್ಟಿನಷ್ಟು ಏರುತ್ತದೆ. ಮನೆಯಲ್ಲಿ ಬಿಯರ್ ತಯಾರಿಸುವವರು ಹಿಡಿದ ದಾರಿ ಅದೇ. ಸೂಕ್ಷ್ಮ ರಂಧ್ರಗಳ ಉಕ್ಕಿನ ಬಿಲ್ಲೆಯೊಂದನ್ನು ಕೊಳವೆಯ ತುದಿಗೆ ಕಟ್ಟಿ, ಇಪ್ಪತ್ತು ಲೀಟರ್ ರಸದ ತಳಕ್ಕೆ ಇಳಿಸಿ, ನಿಮಿಷಕ್ಕೆ ಒಂದು ಲೀಟರಿನಂತೆ ಒಂದು ನಿಮಿಷ ಬಿಡುತ್ತಾರೆ. ಮೀನುತೊಟ್ಟಿಯ ಪಂಪಿನಿಂದ ಗಾಳಿ ಊದಿದರೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದು, 8 ಮಿಲಿಗ್ರಾಮಿನಲ್ಲಿ ನಿಂತುಬಿಡುತ್ತದೆ. ರಸ ಪೂರ್ತಿ ಆರಿರಬೇಕು. ಹುದುಗು ಜೋರಾಗಿ ಎದ್ದ ಮೇಲೆ ಮತ್ತೆ ಬಿಟ್ಟರೆ ಬಿಯರಿಗೆ ಹಳಸಿದ ರಟ್ಟಿನ ವಾಸನೆ ಬರುತ್ತದೆ. ಅತಿಯಾದರೆ ಯೀಸ್ಟಿಗೂ ಕೇಡು.

ಇದನ್ನು ಕೇಳಿ ಯಾರಾದರೂ ಹಂಡೆ ಹೂಡುವ ಮೊದಲು ಒಂದು ಮಾತು. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿರೋಧ ಕಾಯಿದೆಗೆ ಒಳಪಟ್ಟಿತ್ತು. ಈಗ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮಾದಕ ಪಾನೀಯ ತಯಾರಿಸುವುದು ಅಪರಾಧ. ಬ್ರಿಟನ್ 1963ರಲ್ಲಿ ಮನೆಯ ಬಿಯರಿಗೆ ಪರವಾನಗಿಯ ಅಗತ್ಯವನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದಕ್ಕೆ ಅವಕಾಶ ಕೊಟ್ಟಿತು. ಇವರಿಗಿಂತ ಕೌಟಿಲ್ಯ ಉದಾರಿ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ, ಗೃಹಸ್ಥರು ಶುಭಕಾರ್ಯಗಳಿಗಾಗಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲೇ ತಯಾರಿಸಿಕೊಳ್ಳಬಹುದೆಂದಿದೆ. ಹುದುಗೆಬ್ಬಿಸುವ ಕಿಣ್ವಕ್ಕೆ ಅವನು ಹೇಳುವ ಮುಖ್ಯ ಸಾಮಗ್ರಿ ಉದ್ದು ಮತ್ತು ಅಕ್ಕಿ. ಇಡ್ಲಿಯ ನೆನಪಾಗದಿರದು.

ನಮ್ಮ ನಾಡಿನಲ್ಲಿ ಗಾಳಿ ಮತ್ತು ಹುದುಗುಗಳ ಸಂಬಂಧವನ್ನು ಗಂಭೀರವಾಗಿ ತಿಳಿದಿದ್ದವರಲ್ಲಿ ಗಿಲ್ಬರ್ಟ್ ಫೌಲರ್ ಒಬ್ಬರು. ಮ್ಯಾಂಚೆಸ್ಟರಿನ ಚರಂಡಿ ನೀರಿಗೆ ಗಾಳಿ ಊದಿ, ಸೂಕ್ಷ್ಮಜೀವಿಗಳಿಂದಲೇ ಅದನ್ನು ತಿಳಿಗೊಳಿಸುವ ವಿಧಾನಕ್ಕೆ ಪ್ರೇರಣೆ ಕೊಟ್ಟವರು ಅವರು. ಅವರ ಸಹಚರರಾದ ಆರ್ಡರ್ನ್ ಮತ್ತು ಲಾಕೆಟ್ ಅದನ್ನು 1914ರಲ್ಲಿ ಪ್ರಕಟಿಸಿದರು. 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಫೌಲರ್ ಇಪ್ಪೆಹೂವಿನ ಹುದುಗುವಿಕೆಯನ್ನು ಅಭ್ಯಸಿಸಿದರು. ಗಾಳಿ ಸೋಕಿದರೆ ಸಾಯುವ ಜೀವಿಗಳಿಂದ ಅಸಿಟೋನ್ ತೆಗೆಯುವ ಕೆಲಸವನ್ನೂ ಮಾಡಿಸಿದರು. ಒಂದೇ ಪ್ರಯೋಗಶಾಲೆಯಲ್ಲಿ ಗಾಳಿಯನ್ನು ಬೇಡುವವೂ ಒಲ್ಲದವೂ ನೆರೆಹೊರೆಯಾಗಿದ್ದವು.

ಫೌಲರ್ ಅವರ ವಿದ್ಯೆ ಬಿಯರಿಗಿಂತ ಹೆಚ್ಚಾಗಿ ನಮ್ಮ ಹೊಳೆಗಳಿಗೆ ಬೇಕಾದದ್ದು. ಕಾಕಂಬಿಯನ್ನು ಹುದುಗಿಸುವ ಡಿಸ್ಟಿಲರಿಯಲ್ಲಿಯೂ ಯೀಸ್ಟನ್ನು ಬೆಳೆಸುವಾಗ ಗಾಳಿ ಊದುತ್ತಾರೆ, ಮದ್ಯಸಾರವಾಗುವಾಗ ನಿಲ್ಲಿಸುತ್ತಾರೆ. ಒಂದು ಲೀಟರ್ ಮದ್ಯಸಾರ ತೆಗೆದರೆ ಹತ್ತು ಹನ್ನೆರಡು ಲೀಟರ್ ಕಂದು ಬಣ್ಣದ ನೀರು ಉಳಿಯುತ್ತದೆ. ಆ ನೀರಿನ ಒಂದೊಂದು ಲೀಟರ್ ಕೊಳೆತು ತೀರಲು 45,000 ಮಿಲಿಗ್ರಾಮಿನಷ್ಟು ಆಮ್ಲಜನಕ ಬೇಡುವುದುಂಟು. ಹೊಳೆಯ ಲೀಟರಿನಲ್ಲಿ ಇರುವುದು 8 ಮಿಲಿಗ್ರಾಮ್. ಸಂಸ್ಕರಿಸದೆ ಬಿಟ್ಟ ಒಂದು ಲೀಟರ್, ಐದೂವರೆ ಸಾವಿರ ಲೀಟರ್ ಹೊಳೆನೀರಿನ ಉಸಿರನ್ನು ಹೀರಬಲ್ಲದು. ಅದನ್ನು ಹೊರಗೆ ಬಿಡಲೇಬಾರದೆಂದು ಈಗ ನಿಯಮವಿದೆ. ಮಳೆಗಾಲದ ಘಟಪ್ರಭೆ ಜಲಪಾತದಲ್ಲಿ ತನ್ನ ಎಂಟು ಮಿಲಿಗ್ರಾಮನ್ನು ಮರಳಿ ಪಡೆಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿ ಬೀಳುವ ನೀರು ಒಂದು ಎಳೆಯಷ್ಟು; ಮೀನುಗಳು ಬದುಕಬೇಕಾದದ್ದು ಕೆಳಗಿನ ಮಡುಗಳಲ್ಲಿ ನಿಂತ ನೀರಿನ ಉಸಿರಿನಿಂದಲೇ.