ಗವಾನನ ಮದರಸಾದಿಂದ ಗೂಗಲ್ ಮೀಟ್‌ವರೆಗೆ

ನಮ್ಮೂರು ಬೀದರಿನ ಪಕ್ಕದ ಕೊಳಾರ. ಹೆಸರು ಹೇಳಿದ ಕೂಡಲೇ ಬೆಂಗಳೂರಿನ ಗೆಳೆಯರು "ಓ, ಚಿನ್ನದ ಗಣಿ ಊರಾ?" ಅಂತಾರೆ. ಅಲ್ಲ ಮಾರಾಯ್ರೆ, ಅದು ಕೋಲಾರ, ಇದು ಕೊಳಾರ. ನಮ್ಮಲ್ಲಿರೋದು ಕೈಗಾರಿಕಾ ಪ್ರದೇಶ, ಚಿನ್ನ ಇಲ್ಲ :)

ಆನ್‌ಲೈನ್ ಪಾಠ ಅನ್ನೋದು 2020ರಲ್ಲಿ ಕೊರೊನಾ ಜೊತೆಗೇ ಹುಟ್ಟಿತು ಅನ್ನೋ ಹಾಗೆ ಎಲ್ಲರೂ ಮಾತಾಡ್ತಾರೆ. ಆದರೆ ದೂರದಲ್ಲಿರುವ ಗುರುವನ್ನೂ ಶಿಷ್ಯನನ್ನೂ ಸೇರಿಸುವ ಪ್ರಯತ್ನಕ್ಕೆ ನಮ್ಮ ಭಾಗದಲ್ಲಿ ಉದ್ದದ ಇತಿಹಾಸವಿದೆ.

ಮೊದಲನೆಯದು ಮಹಮೂದ್ ಗವಾನನ ಮದರಸಾ. ಪರ್ಶಿಯಾದ ಗಿಲಾನಿನಿಂದ ಬಂದು ಬಹಮನಿ ಸುಲ್ತಾನರ ವಜೀರನಾದ ಗವಾನ್ ಇದನ್ನು ಕಟ್ಟಿಸಿದ್ದು 1472ರಲ್ಲಿ. ಮೂರು ಅಂತಸ್ತು, ಗ್ರಂಥಾಲಯ, ಮಸೀದಿ, ಉಪನ್ಯಾಸದ ಹಜಾರಗಳು, ವಿದ್ಯಾರ್ಥಿಗಳಿಗೆ 36 ಕೋಣೆಗಳು. ಮೇಷ್ಟ್ರುಗಳಿಗೂ ಅದೇ ಕಟ್ಟಡದಲ್ಲಿ ವಾಸ. ದೊಡ್ಡ ವಿದ್ವಾಂಸರನ್ನು ಕರೆಸಲು ಗವಾನ್ ಸಮುದ್ರದಾಚೆಗೆ ಪತ್ರ ಬರೆಯುತ್ತಿದ್ದ. ಹೆರಾತಿನ ಕವಿ ಜಾಮಿಯನ್ನೂ ಕರೆದ. ಜಾಮಿ ಬರಲಿಲ್ಲ, ಪತ್ರ ವ್ಯವಹಾರ ಮಾತ್ರ ನಡೆಯಿತು. ಅಂದರೆ ಪಂಡಿತರ ನಡುವಿನ ಚರ್ಚೆಗೆ ಪತ್ರ ಸಾಕಾಗುತ್ತಿತ್ತು. ಹುಡುಗರಿಗೆ ಕಲಿಸಲು ಮಾತ್ರ ಗುರು ಪಕ್ಕದ ಕೋಣೆಯಲ್ಲೇ ಇರಬೇಕು ಅಂತ ಕಟ್ಟಿಸಿದವನಿಗೆ ಅನ್ನಿಸಿತ್ತೇನೋ. 1481ರಲ್ಲಿ ಒಂದು ಸುಳ್ಳು ಪತ್ರವನ್ನು ನಂಬಿ ಸುಲ್ತಾನ ಅವನನ್ನೇ ಕೊಲ್ಲಿಸಿದ. ಮದರಸಾದ ಒಂದು ಮಿನಾರು ಇವತ್ತಿಗೂ ನಿಂತಿದೆ.

ಎರಡನೆಯದು ಭಾಲ್ಕಿಯದ್ದು. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಅವರು ಊರೂರು ತಿರುಗಿ ಮಕ್ಕಳನ್ನು ಶಾಲೆಗೆ ಕರೆತಂದವರು. ಪಾಠಕ್ಕಿಂತ ಮೊದಲು ಹುಡುಗ ಎಲ್ಲಿದ್ದಾನೆ ಅಂತ ಹುಡುಕಿಕೊಂಡು ಹೋಗಿದ್ದರು.

ಮೂರನೆಯದು ಆಕಾಶದಿಂದ ಬಂತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ 'ಸೈಟ್' ಎಂಬ ಪ್ರಯೋಗ ನಡೆಸಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಈ ಭಾಗ್ಯ ಸಿಕ್ಕಿತು. ಪಕ್ಕದ ಬೀದರಿಗೆ ಸಿಗಲಿಲ್ಲ (ನಮ್ಮ ಹಣೆಬರಹ!). ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ರೈತರಿಗೆ ಕಾರ್ಯಕ್ರಮ. ಇದೇ ಸೈಟ್‌ನಲ್ಲಿ ಎರಡು ಕಂತುಗಳಲ್ಲಿ ಸುಮಾರು 48 ಸಾವಿರ ಶಾಲಾ ಶಿಕ್ಷಕರಿಗೆ 12 ದಿನಗಳ ತರಬೇತಿಯನ್ನೂ ಕೊಟ್ಟರು. ಅಲ್ಲಿ ಬರೀ ಟಿವಿ ಇಟ್ಟು ಕೈತೊಳೆದುಕೊಳ್ಳಲಿಲ್ಲ. ಜೊತೆಗೆ ರೇಡಿಯೋ, ಕೈಯಾರೆ ಮಾಡುವ ಚಟುವಟಿಕೆ, ಕೇಂದ್ರದಲ್ಲಿ ಕೂತು ಚರ್ಚೆ ಎಲ್ಲವೂ ಇತ್ತು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. ಸ್ಟುಡಿಯೋದಲ್ಲಿ ಪ್ರೊಫೆಸರ್, ದೂರದ ಕಾಲೇಜುಗಳಲ್ಲಿ ಪರದೆ. ಉಪಗ್ರಹ ಇರುವುದು ಸುಮಾರು 36 ಸಾವಿರ ಕಿ.ಮೀ. ಮೇಲೆ. ಹುಡುಗ ಕೇಳಿದ ಪ್ರಶ್ನೆ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಉತ್ತರಕ್ಕೆ ಇನ್ನೊಂದು ಕಾಲು ಸೆಕೆಂಡು. ಅಷ್ಟು ತಡ ಯಾರಿಗೂ ತೊಂದರೆಯಲ್ಲ. ಆದರೆ ಪರದೆ ಮುಂದೆ ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯ ಹುಡುಗನಿಗೆ ಬರಲು ಎಷ್ಟು ಹೊತ್ತು ಬೇಕು? ಅದನ್ನು ಯಾವ ಎಂಜಿನಿಯರ್ ಲೆಕ್ಕ ಹಾಕ್ತಾನೆ? 2010ರಲ್ಲಿ ಆ ಉಪಗ್ರಹ ನಿವೃತ್ತಿಯಾಯಿತು.

ಇನ್ನು 2020. ಮಾರ್ಚ್ 25ರಿಂದ ಲಾಕ್‌ಡೌನ್. ನಾನಾಗ ಕೊನೆಯ ಸೆಮಿಸ್ಟರ್. ಎಲ್ಲರೂ ಊರಿಗೆ ವಾಪಸ್. ಕಾಲೇಜು ವೇಳಾಪಟ್ಟಿಯನ್ನು ಹಾಗೇ ಎತ್ತಿ ಫೋನಿಗೆ ಹಾಕಿತು. ಒಂದು ಲೆಕ್ಕ ನೋಡಿ. ಸೆಕೆಂಡಿಗೆ 500 ಕಿಲೋಬಿಟ್ ತಿನ್ನುವ ವೀಡಿಯೋ ಒಂದು ಗಂಟೆಗೆ 225 ಎಂಬಿ. ದಿನಕ್ಕೆ ಐದು ಕ್ಲಾಸು ಅಂದರೆ 1 ಜಿಬಿಗೂ ಮೇಲೆ. ಮನೆಯಲ್ಲಿ ಇರೋದು ದಿನಕ್ಕೆ ಒಂದೂವರೆ ಜಿಬಿಯ ಒಂದೇ ಫೋನು, ಓದುವವರು ಇಬ್ಬರು. ಔರಾದ್ ಕಡೆಯ ನನ್ನ ಗೆಳೆಯನೊಬ್ಬ ಸಿಗ್ನಲ್ಲಿಗಾಗಿ ಹೊಲದ ಬದುವಿನ ಮೇಲೆ ನಿಂತು ಕ್ಲಾಸ್ ಕೇಳ್ತಿದ್ದ. ಎರಡು ವಾರ ನಿಂತ. ಆಮೇಲೆ ಬಿಟ್ಟ.

ಅವನನ್ನು ವಾಪಸ್ ತಂದದ್ದು ಒಬ್ಬ ಮೇಷ್ಟ್ರು. ಅವರು ಲೈವ್ ಕ್ಲಾಸ್ ಕಡಿಮೆ ಮಾಡಿ 20 ನಿಮಿಷದ ಧ್ವನಿ ಕಳಿಸೋಕೆ ಶುರು ಮಾಡಿದರು, ಜೊತೆಗೆ ಕೈಬರಹದ ನೋಟ್ಸಿನ ಫೋಟೋ. ಸೆಕೆಂಡಿಗೆ 32 ಕಿಲೋಬಿಟ್ಟಿನ ಆ ಧ್ವನಿ 5 ಎಂಬಿಯೂ ಆಗೋದಿಲ್ಲ, ರಾತ್ರಿ ಯಾವಾಗಲೋ ಇಳಿದಿರುತ್ತೆ. ಇನ್ನೊಂದು ಕೆಲಸ ಅಂದರೆ ದಿನಾ ಸಂಜೆ ಕಾಣದವರಿಗೆ ಫೋನ್. "ಯಾಕೋ, ಎರಡ್ ದಿನ ಆಯ್ತು ಕ್ಲಾಸಿಗಿ ಬಂದಿಲ್ಲ? ಮನ್ಯಾಗ ಎಲ್ಲರೂ ಆರಾಮ ಇದ್ದಾರಿಲ್ಲ?" ಅಷ್ಟೇ. ಹಾಜರಿ, ಇಂಟರ್ನಲ್ಸ್ ಮಾತೇ ಇಲ್ಲ. ಗೆಳೆಯ ಆ ವರ್ಷ ಪಾಸಾದ. ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ.

ಇಷ್ಟೆಲ್ಲ ಹಳೆಯ ಕಥೆ ಈಗ್ಯಾಕೆ ಅಂತೀರಾ? 2017ರಲ್ಲಿ ಸ್ವಯಂ ಪೋರ್ಟಲ್ ಬಂತು. 2021ರಲ್ಲಿ ಯುಜಿಸಿ ಶೇ. 40ರವರೆಗೆ ಕ್ರೆಡಿಟ್ ಅಲ್ಲಿಂದ ಪಡೆಯಲು ಅವಕಾಶ ಕೊಟ್ಟಿತು. ಔರಾದಿನ ಹುಡುಗಿ ಐಐಟಿ ಪ್ರೊಫೆಸರ ಪಾಠವನ್ನೇ ಕೇಳಬಹುದು, ಒಳ್ಳೆಯದೇ. ಹಾಗಾದರೆ ಊರಿನ ಕಾಲೇಜಿನ ಮೇಷ್ಟ್ರು ಯಾಕೆ ಬೇಕು ಅಂತ ಕೇಳುವವರೂ ಇದ್ದಾರೆ. ನನ್ನ ಉತ್ತರ ಇಷ್ಟೇ. ಆ ಪಾಠ ಇಂಗ್ಲಿಷಿನಲ್ಲಿ ಓಡುವಾಗ ನಿಲ್ಲಿಸಿ ಕನ್ನಡದಲ್ಲೋ ಮರಾಠಿಯಲ್ಲೋ ದಖನಿಯಲ್ಲೋ ಬಿಡಿಸಿ ಹೇಳುವವರು ಅವರೇ. ಮೊದಲ ವಾರವೇ ಯಾರ ಬಳಿ ಫೋನಿಲ್ಲ ಅಂತ ಪಟ್ಟಿ ಮಾಡುವವರು, ವಾರಕ್ಕೊಂದು ಸಣ್ಣ ಪರೀಕ್ಷೆ ಇಟ್ಟು ಹಿಂದೆ ಬಿದ್ದವರನ್ನು ಬೇಗ ಗುರುತಿಸುವವರೂ ಅವರೇ.

ಆದರೆ ಈ ಕೆಲಸಕ್ಕೆ ಸಂಬಳದ ಪಟ್ಟಿಯಲ್ಲಿ ಜಾಗ ಇಲ್ಲ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ಹೋರಾಟದ ನಂತರ 2022ರ ಜನವರಿಯಲ್ಲಿ ಗೌರವಧನ ಹೆಚ್ಚಿತು. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಮೇಷ್ಟ್ರು ತಮ್ಮ ಕರೆನ್ಸಿ ಖರ್ಚು ಮಾಡಿ 60 ಹುಡುಗರಿಗೆ ಎಷ್ಟು ದಿನ ಫೋನ್ ಮಾಡ್ತಾರೆ? ಸರ್ವರ್, ಟ್ಯಾಬು, ಸಾಫ್ಟ್‌ವೇರಿಗೆ ಟೆಂಡರ್ ಕರೆಯುವವರು ಆ ಫೋನ್ ಕರೆಗೂ ವಾರಕ್ಕೆ ನಾಲ್ಕು ಗಂಟೆ ಕೆಲಸದ ಅವಧಿ ಅಂತ ಬರೆದುಕೊಟ್ಟರೆ ಸಾಕು.

ನಿಮ್ಮ ಕಾಲೇಜಿನಲ್ಲಿ 2020ರಲ್ಲಿ ಹೀಗೆ ಹುಡುಕಿಕೊಂಡು ಬಂದ ಮೇಷ್ಟ್ರು ಯಾರಾದರೂ ಇದ್ದರಾ? ಅವರು ಏನು ಮಾಡಿದರು ಅಂತ ನೀವೂ ಬರೆಯಿರಿ, ಓದೋಕೆ ಕಾಯ್ತಿರ್ತೀನಿ.